ಸೆಕೆಂಡ್ ಹ್ಯಾಂಡ್ ಕಾರಿನ ದೋಷ: ಲಕ್ಷಣ ಗುರುತಿಸಿ ವಾರಂಟಿಯಲ್ಲಿ ಸರಿಪಡಿಸಿಕೊಳ್ಳುವ ಬಗೆ

ಟೆಸ್ಟ್ ಡ್ರೈವ್‌ನ ಕಾಲು ಗಂಟೆಯಲ್ಲಿ ಸುಮ್ಮನಿದ್ದ ದೋಷ, ಕಾರು ಮನೆಗೆ ಬಂದ ಕೆಲವೇ ವಾರಗಳಲ್ಲಿ ಹೊರಗೆ ಬರುತ್ತದೆ: ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೋ, ಚಾರ್ಮಾಡಿ ಘಾಟಿಯ ಏರು ಹತ್ತುವಾಗಲೋ, ಸಿಲ್ಕ್ ಬೋರ್ಡ್ ಬಳಿಯ ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ನಿಂತಾಗಲೋ. ಅಷ್ಟು ಹೊತ್ತಿಗೆ ಮಾರಿದವರಿಗೆ ಹಣ ಸೇರಿರುತ್ತದೆ, ನಿಮ್ಮ ಕೈಯಲ್ಲಿ ವಾರಂಟಿ ಪತ್ರವಷ್ಟೇ ಇರುತ್ತದೆ. ಆ ಪತ್ರದಿಂದ ದುರಸ್ತಿ ಸಿಗುವುದೂ ತಪ್ಪುವುದೂ ದೋಷದ ಗಾತ್ರಕ್ಕಿಂತ ಹೆಚ್ಚಾಗಿ, ಅದು ಮೊದಲು ಕಂಡಾಗ ನೀವು ಏನು ಮಾಡಿದಿರಿ, ಏನು ಮಾಡದೆ ಬಿಟ್ಟಿರಿ ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಇಲ್ಲಿ ಹೇಳಿರುವ ಪರೀಕ್ಷೆಗಳೆಲ್ಲ ಯಾವುದನ್ನೂ ಬಿಚ್ಚದೆ, ಅಳಿಸದೆ, ಬದಲಿಸದೆ ಮಾಡುವಂಥವು. ದೋಷವನ್ನು ಇದ್ದ ಹಾಗೆಯೇ ಸರ್ವಿಸ್ ಸೆಂಟರಿನವರ ಕಣ್ಣಿಗೆ ಬೀಳುವಂತೆ ಮಾಡುವುದು ಇವುಗಳ ಉದ್ದೇಶ.

ಬಾನೆಟ್ ಎತ್ತುವ ಮೊದಲು: ವಾರಂಟಿ ಯಾರದು?

ಹಳೆಯ ಕಾರಿಗೆ ತಯಾರಕ ಕಂಪನಿಯ ವಾರಂಟಿಯಲ್ಲಿ ಇನ್ನೂ ಅವಧಿ ಉಳಿದಿರಬಹುದು, ಮೊದಲ ಮಾಲೀಕರು ಹಣ ಕೊಟ್ಟು ಪಡೆದ ಎಕ್ಸ್‌ಟೆಂಡೆಡ್ ವಾರಂಟಿ ಇರಬಹುದು, ಅಥವಾ ಮಾರಿದ ಡೀಲರ್ ತಾನೇ ಕೊಟ್ಟ ವಾರಂಟಿ ಇರಬಹುದು. ಕಂಪನಿಯ ವಾರಂಟಿ ಸಾಮಾನ್ಯವಾಗಿ ಕಾರಿನ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ, ಆದರೆ ಅದರ ಲೆಕ್ಕ ಶುರುವಾಗುವುದು ಕಾರು ಹೊಸದಾಗಿ ಮಾರಾಟವಾದ ದಿನದಿಂದ. ಅವಧಿ ಅಥವಾ ಕಿಲೋಮೀಟರ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿಯೂ ಮುಗಿಯಿತು. ಒಂದೇ ಕಂಪನಿಯ ಕಾರುಗಳಲ್ಲೂ ಈ ಅವಧಿ ಒಂದೇ ಇರುವುದಿಲ್ಲ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರ್‌ನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್‌ಗೆ ಏರಿಸಿತು, ಹಾಗಾಗಿ ಅದಕ್ಕೂ ಮೊದಲು ಮಾರಾಟವಾದ ಕಾರಿಗೆ ಹಳೆಯ ಲೆಕ್ಕವನ್ನೇ ಹಿಡಿಯಬೇಕು. ಎಕ್ಸ್‌ಟೆಂಡೆಡ್ ವಾರಂಟಿಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಕಾಗಬಹುದು. ಅದಕ್ಕೆ ಆರ್‌ಸಿ ವರ್ಗಾವಣೆಯ ದಾಖಲೆ ಕೇಳುವುದರಿಂದ ಆರ್‌ಟಿಓ ಕೆಲಸವನ್ನು ಮುಂದಕ್ಕೆ ಹಾಕುತ್ತಾ ಹೋಗುವುದು ಸರಿಯಲ್ಲ.

ಡೀಲರ್ ವಾರಂಟಿಯನ್ನು ಪ್ರತಿ ಸಾಲೂ ಬಿಡದೆ ಓದಬೇಕು. ಬಹುತೇಕ ಪತ್ರಗಳಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್‌ನ ಒಳಭಾಗಗಳಿಗೆ ಮಾತ್ರ ರಕ್ಷಣೆ ಇರುತ್ತದೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರ್, ಬ್ಯಾಟರಿ, ವೈಪರ್, ಬಲ್ಬ್ ಮುಂತಾದ ಸವೆಯುವ ಭಾಗಗಳೂ ಆಯಿಲ್, ಕೂಲಂಟ್‌ಗಳೂ ಹೊರಗುಳಿಯುತ್ತವೆ. ಇದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ: ಮುಂಚಿತವಾಗಿ ಒಪ್ಪಿಗೆ ಪಡೆಯದೆ ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ಹಣ ಸಿಗುವುದಿಲ್ಲ. ಪರಿಚಯದ ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಾಗಿರಲಿ, ಅವರಿಗೆ ಕಾರು ತೋರಿಸಿ ಅಭಿಪ್ರಾಯ ಕೇಳಬಹುದೇ ಹೊರತು, ಒಪ್ಪಿಗೆ ಬರುವವರೆಗೆ ಅವರು ಸ್ಪ್ಯಾನರ್ ಹಿಡಿಯುವಂತಿಲ್ಲ.

ವಾರಂಟಿ ಮುಗಿದಿದ್ದರೂ ಉಚಿತವಾಗಿ ಸರಿಯಾಗುವ ದೋಷಗಳೂ ಇವೆ. ತಯಾರಕರು ಯಾವುದಾದರೂ ಭಾಗಕ್ಕೆ ರೀಕಾಲ್ (ದೋಷ ಸರಿಪಡಿಸಲು ಕಾರುಗಳನ್ನು ವಾಪಸ್ ಕರೆಸುವುದು) ಪ್ರಕಟಿಸಿದ್ದರೆ, ಕಾರು ಯಾರ ಕೈಯಲ್ಲಿದ್ದರೂ ಆ ಕೆಲಸಕ್ಕೆ ಶುಲ್ಕವಿಲ್ಲ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಅಥವಾ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ ಇದನ್ನು ತಿಳಿಯಬಹುದು. ಅದೇ ಭೇಟಿಯಲ್ಲಿ ಹಳೆಯ ಸರ್ವಿಸ್ ದಾಖಲೆಯನ್ನೂ ಕೇಳಿ ನೋಡಿ. ಎರಡು ವರ್ಷದ ಹಿಂದೆ 70,000 ಕಿಲೋಮೀಟರ್‌ಗೆ ಸರ್ವಿಸ್ ಆದ ಕಾರು ಇಂದು ಮೀಟರಿನಲ್ಲಿ 48,000 ತೋರಿಸುತ್ತಿದ್ದರೆ, ನಿಮ್ಮ ವ್ಯವಹಾರ ವಾರಂಟಿಯನ್ನು ದಾಟಿ ಮಾರಿದವರ ವಂಚನೆಯ ಪ್ರಶ್ನೆಯಾಗುತ್ತದೆ.

ಇಂಜಿನ್ ದೀಪ ಉರಿಯುತ್ತಿದೆ

ಹಳದಿ ಬಣ್ಣದ ಇಂಜಿನ್ ಚಿತ್ರದ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ, ನಿಧಾನವಾಗಿ ಸರ್ವಿಸ್ ಸೆಂಟರಿನವರೆಗೆ ಹೋಗಬಹುದು. ಅದೇ ದೀಪ ಮಿನುಗುತ್ತಿದ್ದು ಇಂಜಿನ್ ಕುಲುಕುತ್ತಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ, ಆದ್ದರಿಂದ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಟೋಯಿಂಗ್ ಕರೆಸಬೇಕು. ಕೆಂಪು ಬಣ್ಣದ ಆಯಿಲ್ ಕ್ಯಾನ್ ದೀಪ ಹೊತ್ತಿದರಂತೂ ಆ ಕ್ಷಣವೇ ಇಂಜಿನ್ ಆರಿಸಬೇಕು, ಏಕೆಂದರೆ ಆಯಿಲ್ ಒತ್ತಡವಿಲ್ಲದೆ ಬೇರಿಂಗುಗಳು ಹಾಳಾಗಲು ಕೆಲವೇ ನಿಮಿಷ ಸಾಕು. ದೀಪ ಕಂಡ ಮೇಲೂ ಓಡಿಸಿದ್ದರೆ ಮುಂದಿನ ಹಾನಿಯನ್ನು ವಾರಂಟಿಯಿಂದ ಹೊರಗಿಡಲು ಅದೇ ಕಾರಣವಾಗುತ್ತದೆ.

ದೀಪದ ಕಾರಣ ತಿಳಿಯಲು ಅಗ್ಗದ ದಾರಿಯೊಂದಿದೆ. ಸ್ಟಿಯರಿಂಗ್ ಕೆಳಗಿನ 16 ಪಿನ್‌ಗಳ ಸಾಕೆಟ್ಟಿಗೆ ಕಾರಿನ ಕಂಪ್ಯೂಟರಿನೊಂದಿಗೆ ಮಾತನಾಡುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ, ಅಲ್ಲಿ ದಾಖಲಾದ ದೋಷದ ಕೋಡನ್ನು ಮೊಬೈಲಿನಲ್ಲಿ ಓದಬಹುದು. ಪಿ0300 ಎಂದಿದ್ದರೆ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು), ಪಿ0301 ಎಂದಿದ್ದರೆ ಒಂದನೆಯ ಸಿಲಿಂಡರಿನಲ್ಲಿ ಮಾತ್ರ, ಪಿ0420 ಎಂದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ ಎಂಬ ಸೂಚನೆ. ಕೋಡ್ ಅನುಮಾನದ ದಿಕ್ಕು ತೋರಿಸುತ್ತದೆಯೇ ಹೊರತು, ಇಂಥದೇ ಭಾಗ ಬದಲಿಸಿ ಎಂದು ಹೇಳುವುದಿಲ್ಲ.

ಆ್ಯಪ್‌ನಲ್ಲಿ ಕೋಡ್ ಅಳಿಸುವ ಬಟನ್ ಇರುತ್ತದೆ. ದಯವಿಟ್ಟು ಅದನ್ನು ಒತ್ತಬೇಡಿ. ಕೋಡಿನ ಜೊತೆಗೆ, ದೋಷ ಹುಟ್ಟಿದ ಗಳಿಗೆಯಲ್ಲಿ ಕಾರಿನ ವೇಗ, ಇಂಜಿನ್ನಿನ ಆರ್‌ಪಿಎಂ, ಕೂಲಂಟ್ ಉಷ್ಣತೆ ಎಷ್ಟಿತ್ತು ಎಂಬ ಮಾಹಿತಿಯೂ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸುವ ಉಪಾಯದಿಂದಲೂ ಇದೇ ನಷ್ಟವಾಗಬಹುದು. ಅದರ ಬದಲು ಪರದೆಯ ಚಿತ್ರಗಳನ್ನು ತೆಗೆದಿಡಿ, ಅವುಗಳಲ್ಲಿ ಎರಡು ಸಾಲುಗಳನ್ನು ಹುಡುಕಿ. ಮೊದಲನೆಯದು, ಕೋಡ್ ಅಳಿಸಿದ ನಂತರ ಓಡಿದ ದೂರ. ಕಾರು ಕೊಂಡ ಮೇಲೆ ನೀವು 180 ಕಿಲೋಮೀಟರ್ ಓಡಿಸಿದ್ದು, ಪರದೆ 190 ಎಂದು ತೋರಿಸಿದರೆ, ಮಾರಾಟದ ಆಸುಪಾಸಿನಲ್ಲೇ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಎರಡನೆಯದು, ಕಾರಿನ ಸ್ವಯಂ ಪರೀಕ್ಷೆಗಳ ಪಟ್ಟಿ. ಅದರಲ್ಲಿ ಹಲವು ಇನ್ನೂ ಪೂರ್ಣಗೊಂಡಿಲ್ಲ ಎಂದಿದ್ದರೂ ಇತ್ತೀಚೆಗೆ ಅಳಿಸಿದ ಗುರುತೇ. ಹೊಸ ಬ್ಯಾಟರಿ ಹಾಕಿದಾಗಲೂ ಹೀಗಾಗಬಹುದಾದ್ದರಿಂದ ಇದೊಂದರಿಂದಲೇ ವಂಚನೆ ಸಾಬೀತಾಗುವುದಿಲ್ಲ, ಆದರೆ ಡೀಲರ್ ಮುಂದೆ ಕೂತು ಮಾತನಾಡುವಾಗ ಈ ಚಿತ್ರ ಬಹಳ ಉಪಯೋಗಕ್ಕೆ ಬರುತ್ತದೆ. ವಾರಂಟಿ ಕೊಟ್ಟವರು ಡೀಲರ್ ಅಲ್ಲದೆ ಬೇರೊಂದು ಕಂಪನಿಯಾಗಿದ್ದರೆ ಮಾತ್ರ ಎಚ್ಚರ ಬೇಕು: ದೋಷ ಮೊದಲೇ ಇತ್ತು ಎಂದಾದರೆ ಅವರು ಕೈ ತೊಳೆದುಕೊಳ್ಳುತ್ತಾರೆ, ಆಗ ನಿಮ್ಮ ಬೇಡಿಕೆ ಮಾರಿದ ಡೀಲರ್ ಕಡೆಗೇ ತಿರುಗಬೇಕು.

ಏರ್‌ಬ್ಯಾಗ್ ದೀಪ ಆರದೆ ಉರಿಯುತ್ತಿದ್ದರೆ ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳನ್ನು ಮುಟ್ಟಬಾರದು. ಇಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಎರಡೂ ತರಬೇತಿ ಪಡೆದವರ ಕೆಲಸ.

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ

ಸೆಲ್ಫ್ ಹೊಡೆದಾಗ ಟಕ್ ಟಕ್ ಎಂದು ಸದ್ದು ಮಾತ್ರ ಬಂದರೆ, ಅಥವಾ ಇಂಜಿನ್ ಎಳೆದೆಳೆದು ತಿರುಗಿದರೆ, ಮೊದಲ ಅನುಮಾನ ಬ್ಯಾಟರಿಯ ಮೇಲೆ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಿ. ಕೆಲವು ನೂರು ರೂಪಾಯಿಯ ಮಲ್ಟಿಮೀಟರಿನಿಂದ ರಾತ್ರಿ ನಿಂತ ಕಾರಿನ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್ ಆಗಿದೆ, 12.2ಕ್ಕಿಂತ ಕೆಳಗಿದ್ದರೆ ಬಹಳಷ್ಟು ಇಳಿದಿದೆ. ಇಂಜಿನ್ ಚಾಲೂ ಇರುವಾಗ 13.5ರಿಂದ 14.7ರ ನಡುವೆ ಬರಬೇಕು. ಚಾಲೂ ಇದ್ದರೂ 12ರ ಆಸುಪಾಸಿನಲ್ಲೇ ಉಳಿದರೆ ಆಲ್ಟರ್‌ನೇಟರ್ ಚಾರ್ಜ್ ಮಾಡುತ್ತಿಲ್ಲದಿರಬಹುದು. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಚಾರ್ಜಿಂಗನ್ನು ತಾವೇ ಏರಿಳಿಸುವುದರಿಂದ ಒಂದೇ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ. ಬ್ಯಾಟರಿಗೆ ಕಾರಿನ ವಾರಂಟಿ ಅನ್ವಯಿಸದಿದ್ದರೂ ಬ್ಯಾಟರಿ ತಯಾರಕರ ಪ್ರತ್ಯೇಕ ವಾರಂಟಿ ಇರಬಹುದು, ಅದರ ಕಾರ್ಡನ್ನು ಹಳೆಯ ಮಾಲೀಕರಿಂದ ಕೇಳಿ ಪಡೆಯಿರಿ. ಬ್ಯಾಟರಿ ಸರಿಯಿದ್ದು ಇಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಇಂಧನ ಅಥವಾ ಇಗ್ನಿಷನ್ ಕಡೆಯ ದೋಷ. ಅಲ್ಲಿಂದ ಮುಂದಿನದು ಸರ್ವಿಸ್ ಸೆಂಟರಿನ ಪಾಲು.

ಟೆಂಪರೇಚರ್ ಮುಳ್ಳು ಏರುತ್ತಿದೆ, ಕೂಲಂಟ್ ಇಳಿಯುತ್ತಿದೆ

ಮುಳ್ಳು ಕೆಂಪು ಗೆರೆಯತ್ತ ಹೋಗುತ್ತಿದ್ದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಸುರಕ್ಷಿತ ಜಾಗ ಸಿಕ್ಕಿದ ತಕ್ಷಣ ನಿಲ್ಲಿಸಿ ಇಂಜಿನ್ ಆರಿಸಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬಾನೆಟ್ ಒಳಗಿನ ಫ್ಯಾನ್ ಇಂಜಿನ್ ಆರಿದ ಮೇಲೂ ತಾನಾಗಿ ತಿರುಗಬಹುದಾದ್ದರಿಂದ ಕೈ, ಸೆರಗು, ಶಾಲು ಅದರಿಂದ ದೂರವಿರಲಿ.

ಮರುದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಡಬ್ಬಿಯನ್ನು ನೋಡಿ. ಅದರ ಮೈಮೇಲಿನ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ದ್ರವ ಎಲ್ಲಿದೆಯೋ ಅಲ್ಲಿ ಸಣ್ಣ ಟೇಪ್ ಅಂಟಿಸಿ, ದಿನಾಂಕವೂ ಮೀಟರ್ ಓದೂ ಸೇರುವಂತೆ ಫೋಟೋ ತೆಗೆಯಿರಿ. ಒಂದು ವಾರ ಹೀಗೆ ಮಾಡಿದರೆ ಕೂಲಂಟ್ ಇಳಿಯುತ್ತಿದೆಯೇ ಎಂಬ ಪ್ರಶ್ನೆಗೆ ವಾದದ ಅಗತ್ಯವೇ ಇರುವುದಿಲ್ಲ. ಕೂಲಂಟ್ ಇಳಿಯದೆ ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾದರೆ ಫ್ಯಾನ್ ಅಥವಾ ಅದರ ರಿಲೇ, ಹೈವೇಯಲ್ಲೂ ಬಿಸಿಯಾದರೆ ಥರ್ಮೋಸ್ಟಾಟ್, ವಾಟರ್ ಪಂಪ್ ಅಥವಾ ಕಟ್ಟಿಕೊಂಡ ರೇಡಿಯೇಟರ್ ಕಾರಣವಿರಬಹುದು. ಕೂಲಂಟ್ ಇಳಿಯುತ್ತಿದ್ದು ನೆಲದ ಮೇಲೆ ತೊಟ್ಟೂ ಕಾಣದಿದ್ದರೆ ಅದು ಸಿಲಿಂಡರ್ ಒಳಗೇ ಹೋಗುತ್ತಿರುವ ಅನುಮಾನ ಬರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಂಡು, ಇಂಜಿನ್ ಬಿಸಿಯಾದ ನಂತರವೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಬಲವಾಗಿದೆ, ಕಾರನ್ನು ಇನ್ನು ಓಡಿಸಬಾರದು. ಮಲೆನಾಡಿನ ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನ ಮುಚ್ಚಳದಲ್ಲಿ ತೇವದಿಂದಲೂ ತುಸು ಕೆನೆ ಕಟ್ಟುತ್ತದೆ, ಆದರೆ ಅದು ಸಾಮಾನ್ಯವಾಗಿ ಡಿಪ್‌ಸ್ಟಿಕ್ಕಿನಲ್ಲಿ ಕಾಣುವುದಿಲ್ಲ.

ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳನ್ನು ರೇಡಿಯೇಟರಿಗೆ ಸುರಿಯಬೇಡಿ. ದೋಷ ಹೋಗುವುದಿಲ್ಲ, ಕ್ಲೇಮ್ ಮಾತ್ರ ಹೋಗುತ್ತದೆ.

ಹೊಗೆ ಬರುತ್ತಿದೆ, ಆಯಿಲ್ ಕಡಿಮೆಯಾಗುತ್ತಿದೆ

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್‌ಗಳ ಮೇಲೂ, ಆ್ಯಕ್ಸಿಲರೇಟರ್ ತುಳಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಮೇಲೂ ಅನುಮಾನ. ಕಪ್ಪು ಹೊಗೆ ಇಂಧನ ಹೆಚ್ಚಾಗಿಯೋ ಗಾಳಿ ಕಡಿಮೆಯಾಗಿಯೋ ಬರುತ್ತದೆ, ಮೊದಲು ಏರ್ ಫಿಲ್ಟರ್ ನೋಡುವುದು ಸಾಕು. ಆಯಿಲ್ ಇಳಿಯುತ್ತಿರುವುದನ್ನು ಸಾಬೀತುಪಡಿಸಲು ಸರ್ವಿಸ್ ಸೆಂಟರಿನಲ್ಲೇ ಗರಿಷ್ಠ ಗೆರೆಯವರೆಗೆ ತುಂಬಿಸಿ, ಮೀಟರ್ ಓದನ್ನು ಜಾಬ್ ಕಾರ್ಡಿನಲ್ಲಿ (ದೂರು ಮತ್ತು ಕೆಲಸ ದಾಖಲಿಸುವ ಸರ್ವಿಸ್ ಸೆಂಟರಿನ ಚೀಟಿ) ಬರೆಸಿ, 1,000 ಕಿಲೋಮೀಟರ್ ನಂತರ ಅವರ ಮುಂದೆಯೇ ಮತ್ತೆ ಅಳೆಸಬೇಕು. ನಡುವೆ ನೀವಾಗಿ ಆಯಿಲ್ ಸುರಿದರೆ ಪರೀಕ್ಷೆ ಕೆಡುತ್ತದೆ. ಆದರೆ ಕನಿಷ್ಠ ಗೆರೆಗಿಂತ ಕೆಳಗಿಳಿದರೆ ಕಾಯಬೇಡಿ, ತಕ್ಷಣ ಅವರಲ್ಲಿಗೇ ಹೋಗಿ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಊರೊಳಗೇ ಓಡಿದ ಕಾರಿನಲ್ಲಿ ಅದು ಕಟ್ಟಿಕೊಂಡು ದೀಪ ಹೊತ್ತುತ್ತದೆ. ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ಹೈವೇಯಲ್ಲಿ ಸ್ವಲ್ಪ ಹೊತ್ತು ಬಿಡದೆ ಓಡಿಸಿದರೆ ಮಸಿ ಉರಿದುಹೋಗುತ್ತದೆ. ಆಗ ಸೈಲೆನ್ಸರ್ ಭಾಗ ವಿಪರೀತ ಬಿಸಿಯಾಗುವುದರಿಂದ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ, ಬಳಕೆಯ ತಪ್ಪು ಎಂದು ವಾರಂಟಿ ನಿರಾಕರಿಸಲು ಅವಕಾಶ ಕೊಟ್ಟಂತೆ.

ಗೇರ್ ಬೀಳುವುದಿಲ್ಲ, ಕ್ಲಚ್ ಜಾರುತ್ತದೆ

ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆ್ಯಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಪ್ಲೇಟ್ ಸವೆಯುವ ಭಾಗವಾದ್ದರಿಂದ ಡೀಲರ್ ಒಡನೆಯೇ ಇಲ್ಲ ಎನ್ನುತ್ತಾರೆ. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಪ್ಲೇಟ್ ಸವೆದು ಹೋಯಿತೋ, ಆಯಿಲ್ ತಾಗಿ ಹೋಯಿತೋ? ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್ ಅಥವಾ ಗೇರ್‌ಬಾಕ್ಸ್ ಸೀಲ್ ಸೋರಿ ಪ್ಲೇಟ್ ನೆನೆದಿದ್ದರೆ ಮೂಲ ದೋಷ ಸೀಲಿನದು, ಅದಕ್ಕೆ ವಾರಂಟಿ ಇರಬಹುದು. ಹಾಗಾಗಿ ಗೇರ್‌ಬಾಕ್ಸ್ ಇಳಿಸಿದಾಗ ನಿಮ್ಮನ್ನು ಕರೆಯಬೇಕೆಂದೂ, ಬಿಚ್ಚಿದ ಭಾಗಗಳನ್ನು ಎಸೆಯಬಾರದೆಂದೂ ಮೊದಲೇ ಬರೆಸಿ. ಕ್ಲಚ್ಚನ್ನೂ ಗೇರನ್ನೂ ತಾವೇ ಬದಲಿಸುವ ಎಎಂಟಿ ಕಾರುಗಳಲ್ಲೂ ಪ್ಲೇಟ್ ಬೇರೆ, ಗೇರ್ ಬದಲಿಸುವ ಆ್ಯಕ್ಚುಯೇಟರ್ ಬೇರೆ, ಆದ್ದರಿಂದ ದೋಷ ಯಾವುದರದೆಂದು ಕೇಳಿ.

ಸ್ಟಿಯರಿಂಗ್ ನಡುಗುತ್ತದೆ, ಎಸಿ ತಣ್ಣಗಾಗುವುದಿಲ್ಲ

ಹೈವೇ ವೇಗದಲ್ಲಿ ಮಾತ್ರ ಸ್ಟಿಯರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಒಂದೇ ಕಡೆ ಎಳೆದರೆ ಟೈರ್ ಗಾಳಿ ಮತ್ತು ಅಲೈನ್‌ಮೆಂಟ್, ಬ್ರೇಕ್ ಹಿಡಿದಾಗ ನಡುಗಿದರೆ ಡಿಸ್ಕ್. ಇವು ಹೆಚ್ಚಾಗಿ ನಿಮ್ಮದೇ ಖರ್ಚು, ಅದಕ್ಕಾಗಿ ಜಗಳವಾಡಿ ಫಲವಿಲ್ಲ. ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳಿದರೆ ಮಾತ್ರ ಕಾರನ್ನು ಅಲ್ಲಿಂದ ಕದಲಿಸಬೇಡಿ. ಎಸಿ ವಿಷಯದಲ್ಲಿ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಅದು ಸರಿಯಿದ್ದೂ ತಂಪಿಲ್ಲದಿದ್ದರೆ ಹೊರಗಡೆ ಗ್ಯಾಸ್ ತುಂಬಿಸಬೇಡಿ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಆ ಜಾಗವನ್ನು ಹುಡುಕಿಸಬೇಕು.

ಒಳಗೆ ಮುಗ್ಗಲು ವಾಸನೆ, ಇಲೆಕ್ಟ್ರಿಕಲ್ ಕೆಲಸಗಳು ಆಗೊಮ್ಮೆ ಈಗೊಮ್ಮೆ ಕೈಕೊಡುತ್ತವೆ

ಪವರ್ ವಿಂಡೋ ಒಂದು ದಿನ ಏರುವುದಿಲ್ಲ, ಮರುದಿನ ಸರಿಯಿರುತ್ತದೆ. ಸೆಂಟ್ರಲ್ ಲಾಕ್ ತಾನಾಗಿ ಬೀಳುತ್ತದೆ. ಇಂಥ ಚೆದುರಿದ ದೋಷಗಳು ಒಟ್ಟಿಗೆ ಕಂಡರೆ, ಕಾರು ನೀರಿನಲ್ಲಿ ಮುಳುಗಿತ್ತೇ ಎಂದು ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ, 2015ರಲ್ಲೂ 2023ರಲ್ಲೂ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಬಂದ ನೆರೆಗಳಲ್ಲಿ ಅಸಂಖ್ಯ ಕಾರುಗಳು ಮುಳುಗಿದವು. ಹಾಗೆ ಮುಳುಗಿದ ಕಾರುಗಳು ತೊಳೆದು ಹೊಳಪು ಪಡೆದು ಮತ್ತೆ ಮಾರಾಟಕ್ಕೆ ಬರುವುದುಂಟು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೆಳಗೆ ಟಾರ್ಚ್ ಬಿಡಿ. ಸೀಟ್ ಹಳಿಯ ಬೋಲ್ಟುಗಳಲ್ಲಿ ತುಕ್ಕು, ಹಳಿಯ ಸಂದಿನಲ್ಲಿ ಒಣಗಿದ ಸಣ್ಣ ಮಣ್ಣು ಇದ್ದರೆ ಒಳಗೆ ನೀರು ನಿಂತಿತ್ತು ಎನ್ನಲು ಬಲವಾದ ಸಾಕ್ಷಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ, ಸದಾ ಒಳಗೇ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಈ ಗುರುತುಗಳು ಸಿಕ್ಕರೆ ಒಂದೊಂದೇ ಸ್ವಿಚ್ ಬದಲಿಸಿಕೊಳ್ಳುತ್ತಾ ಹೋಗಬೇಡಿ. ಫೋಟೋ ತೆಗೆದು, ಕಾರು ವಾಪಸ್ ಪಡೆದು ಹಣ ಹಿಂದಿರುಗಿಸುವಂತೆ ಲಿಖಿತವಾಗಿ ಕೇಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

"ನಮಗೆ ದೋಷ ಕಾಣಿಸಲಿಲ್ಲ" ಎಂದರೆ

ಸರ್ವಿಸ್ ಅಡ್ವೈಸರ್ ಸಾಮಾನ್ಯವಾಗಿ ಜಾಬ್ ಕಾರ್ಡಿನಲ್ಲಿ "ಇಂಜಿನ್ ಸೌಂಡ್, ಚೆಕ್" ಎಂದಷ್ಟೇ ಬರೆಯುತ್ತಾರೆ. ಕಾರು ಮಧ್ಯಾಹ್ನ ಬಿಸಿಯಿರುವಾಗ ಮೆಕ್ಯಾನಿಕ್ ಕೈಗೆ ಹೋಗುತ್ತದೆ, ಬೆಳಗಿನ ಸದ್ದು ಅವರಿಗೆ ಕೇಳಿಸುವುದಿಲ್ಲ, ಸಂಜೆ ತೊಳೆದ ಕಾರು ವಾಪಸ್ ಬರುತ್ತದೆ. ಅದರ ಬದಲು ಹೀಗೆ ಬರೆಸಿ: "ರಾತ್ರಿ ನಿಂತ ಇಂಜಿನ್ ಸ್ಟಾರ್ಟ್ ಮಾಡಿದ ಮೊದಲ ಹತ್ತು ಸೆಕೆಂಡು ಟೈಮಿಂಗ್ ಚೈನ್ ಬದಿಯಿಂದ ಕರಕರ ಸದ್ದು ಬರುತ್ತದೆ, ಬಿಸಿಯಾದ ಮೇಲೆ ಇರುವುದಿಲ್ಲ, ವಿಡಿಯೋ ಕಳಿಸಲಾಗಿದೆ." ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ನೀವು ಬಂದ ಮೇಲೆಯೇ ಸ್ಟಾರ್ಟ್ ಮಾಡಲು ಹೇಳಿ. "ಸಾರ್, ಈ ಮಾಡೆಲ್ ಎಲ್ಲಾ ಗಾಡೀಲೂ ಹಿಂಗೇ ಬರುತ್ತೆ" ಎಂದರೆ, ಅದೇ ಮಾಡೆಲಿನ ಇನ್ನೊಂದು ಕಾರನ್ನು ಸ್ಟಾರ್ಟ್ ಮಾಡಿ ಕೇಳಿಸುವಂತೆ ಮರ್ಯಾದೆಯಿಂದಲೇ ಕೇಳಿ. ಪ್ರತಿ ಭೇಟಿಯ ಜಾಬ್ ಕಾರ್ಡ್ ಪ್ರತಿ ನಿಮ್ಮ ಬಳಿ ಉಳಿಯಬೇಕು. ವಾರಂಟಿ ಮುಗಿಯುವ ಮೊದಲೇ ದೂರು ದಾಖಲಾಗಿತ್ತು ಎಂದು ಮುಂದೆ ತೋರಿಸಲು ಅದೇ ಆಧಾರ.

ಕ್ಲೇಮ್ ನಿರಾಕರಿಸಿದರೆ

ಬಾಯಿಮಾತಿನ ನಿರಾಕರಣೆಯನ್ನು ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ಇಮೇಲ್‌ನಲ್ಲಿ ಕೇಳಿ. ಉತ್ತರ ತೃಪ್ತಿಕರವಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ ನೋಟಿಸ್ ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಡುವುದರಿಂದ, ಬೆಂಗಳೂರಿನಲ್ಲಿ ಕಾರು ಕೊಂಡ ಹುಬ್ಬಳ್ಳಿಯವರು ಧಾರವಾಡದ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾರನ್ನು ಪರೀಕ್ಷೆ ಮಾಡಿಸದೆ ದೋಷ ತೀರ್ಮಾನಿಸಲಾಗದಿದ್ದರೆ ತಜ್ಞರ ವರದಿ ಬೇಕಾಗುತ್ತದೆ, ಆದ್ದರಿಂದ ಅಲ್ಲಿಯವರೆಗೆ ದೋಷಯುಕ್ತ ಭಾಗವನ್ನು ಕಾಪಾಡಿಕೊಳ್ಳಿ.

ಡೀಲರ್ ಅಲ್ಲದೆ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಗ್ರಾಹಕ ಆಯೋಗದ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ. ಡೀಲರ್ ಮಾರಿದ್ದಾಗಲೂ, 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಖರೀದಿದಾರರು ಪರೀಕ್ಷಿಸಿ ಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ರಕ್ಷಣೆಯಿಲ್ಲ. ಒಳಗೆ ಅಡಗಿದ್ದ ದೋಷ ಎಂದು ತೋರಿಸುವ ದಾಖಲೆಗಳಿಗೆ ಬೆಲೆ ಬರುವುದು ಇದರಿಂದಲೇ. ದೂರು ಕೊಡಲು ಇರುವ ಅವಧಿ, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಡೀಲರ್ ಜೊತೆ ಪತ್ರ ವ್ಯವಹಾರ ನಡೆಯುತ್ತಿದೆ ಎಂಬ ಮಾತ್ರಕ್ಕೆ ಆ ಅವಧಿ ಮುಂದಕ್ಕೆ ಹೋಗುವುದಿಲ್ಲ.